ಆನೆ ಸುಳ್ಳು ಹೇಳುವುದಿಲ್ಲ!

ಸಾಸಿವೆ ಕಾಳಿಗಿಂತ ತುಸುವೇ ದೊಡ್ಡದಾದ ಒಂದು ಆನೆ. ಆ ಆನೆಗೊಂದು ಸೊಂಡಿಲು. ಸೊಂಡಿಲು ಮೋಟೋ ಉದ್ದವೋ ಎಂಬುದನ್ನು ನೋಡಿ ಒಂದು ಬೆಳ್ಳಿ ರೂಪಾಯಿಗೆ ಹಲವು ಪಟ್ಟು ಹೆಚ್ಚು ದುಡ್ಡು ಎಣಿಸಿ ಕೊಡುವವರಿದ್ದಾರೆ ಎಂದರೆ ನಂಬುತ್ತೀರಾ? ನಂಬಲೇಬೇಕು. ಆ ಆನೆಯ ಕಥೆಯೇ ಹಾಗಿದೆ!

ಐದನೇ ಜಾರ್ಜ್ ದೊರೆಯ ರೂಪಾಯಿಯೊಂದನ್ನು ಕೈಗೆತ್ತಿಕೊಳ್ಳಿ. ದೊರೆ ಕಿರೀಟ ತೊಟ್ಟು, ನಿಲುವಂಗಿ ಹೊದ್ದು, ಎಡಕ್ಕೆ ಮುಖ ಮಾಡಿದ್ದಾನೆ. ಭೂತಗನ್ನಡಿಯನ್ನು ಅವನ ಎದೆಯ ಹತ್ತಿರ ತನ್ನಿ. 'ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್' ಎಂಬ ಪದವಿಯ ಸರ ಕಾಣಿಸುತ್ತದೆ, ಸರದಲ್ಲಿ ಆನೆ. 1911ರಲ್ಲಿ ಈ ದೊರೆಯ ಹೆಸರಿನ ಮೊದಲ ನಾಣ್ಯಗಳು ಹೊರಬಿದ್ದಾಗ ಅಚ್ಚು ಕೊರೆದವರ ಕೈ ಸ್ವಲ್ಪ ಎಡವಿತ್ತು. ಸೊಂಡಿಲು ಚಿಕ್ಕದಾಯಿತು, ಕಾಲುಗಳು ಗಿಡ್ಡವಾದವು. ನೋಡಿದ ಜನಕ್ಕೆ ಆನೆ ಕಾಣಲೇ ಇಲ್ಲ. ಕಂಡದ್ದು ಹಂದಿ! ದೊರೆಯ ಎದೆಯ ಮೇಲೆ ಹಂದಿ, ಆ ನಾಣ್ಯ ಪ್ರತಿಯೊಬ್ಬರ ಕೈಯಲ್ಲಿ! ಮುಸ್ಲಿಮರಲ್ಲಿ ಅಸಮಾಧಾನ ಹೊಗೆಯಾಡಿತು. ಸರ್ಕಾರ ಗಡಿಬಿಡಿಯಲ್ಲಿ ನಾಣ್ಯಗಳನ್ನು ವಾಪಸು ಪಡೆಯಿತು, ಬಹುಪಾಲು ಕರಗಿಸಿತು. 1912ರ ರೂಪಾಯಿಯಲ್ಲಿ ಆನೆಗೆ ಆನೆಯಂಥದೇ ಸೊಂಡಿಲು ಬಂತು. ಕರಗದೆ ಉಳಿದ 1911ರ ರೂಪಾಯಿಗೆ ಸಂಗ್ರಾಹಕರು ಇಟ್ಟ ಹೆಸರು 'ಪಿಗ್ ರುಪೀ', ಹಂದಿ ರೂಪಾಯಿ.

ಈಗ ಬೆಂಗಳೂರಿನ ಯಾವುದೇ ನಾಣ್ಯಮೇಳಕ್ಕೆ ಬನ್ನಿ. ಗಾಜಿನ ಪೆಟ್ಟಿಗೆಯೊಳಗೆ ಹೆಸರುಚೀಟಿ ಅಂಟಿಸಿಕೊಂಡು ಕೂತ ನಾಣ್ಯಗಳ ಮುಂದೆ ಜನ ನಿಂತು ನೋಡಿ ಮುಂದೆ ಹೋಗುತ್ತಾರೆ. ನಿಜವಾದ ನೂಕುನುಗ್ಗಲು ಪಕ್ಕದ ಮೇಜಿನಲ್ಲಿ. ಅಲ್ಲೊಂದು ಸ್ಟೀಲ್ ತಟ್ಟೆ, ತಟ್ಟೆಯ ತುಂಬ ಕಪ್ಪುಗಟ್ಟಿದ ಬೆಳ್ಳಿ ರೂಪಾಯಿಗಳು.

"ಯಾವ್ದು ತಗೊಂಡ್ರೂ ಒಂದೇ ರೇಟು ಸಾರ್, ಆರಿಸ್ಕೊಳ್ಳಿ."

ಆ ಒಂದು ಮಾತಿನಲ್ಲೇ ಇಡೀ ಆಟವಿದೆ. ಮಾರುವವನಿಗೆ ಅದು ಬೆಳ್ಳಿ, ತೂಕದ ಸರಕು. ತಟ್ಟೆಯ ಮೇಲೆ ಬಾಗಿದವರಿಗೆ ಅದು 1905, 1907, 1913, 1916, 1918... ಬೆರಳುಗಳು ಓಡುತ್ತವೆ, ಇಸವಿಗಳು ಸರಿಯುತ್ತವೆ, ಯಾರೂ ಮಾತಾಡುವುದಿಲ್ಲ. ಅಷ್ಟರಲ್ಲಿ ಒಬ್ಬನ ಬೆರಳು ಅರೆಕ್ಷಣ ನಿಂತು, ಏನೂ ಆಗದಂತೆ ಮತ್ತೆ ಚಲಿಸುತ್ತದೆ. ಅವನು ನಾಲ್ಕು ಬೇರೆ ರೂಪಾಯಿಗಳ ನಡುವೆ ಆ ಒಂದನ್ನು ಸೇರಿಸಿ, ಐದಕ್ಕೂ ಒಟ್ಟಿಗೆ ಚೌಕಾಸಿ ಮಾಡಿ, ದುಡ್ಡು ಕೊಟ್ಟು, ಗುಂಪಿನಿಂದ ಹೊರಬಿದ್ದು ಕಿಟಕಿಯ ಬೆಳಕಿಗೆ ಹೋಗಿ ಮುಷ್ಟಿ ಬಿಚ್ಚುತ್ತಾನೆ. 1911!

ಇಷ್ಟಕ್ಕೇ ಕುಣಿದಾಡುವ ಹಾಗಿಲ್ಲ. 1914ರ ರೂಪಾಯಿಯ ಕೊನೆಯ 4ನ್ನು ಕೆರೆದರೆ 1 ಆಗುತ್ತದೆ. 1917ರ 7ರ ತಲೆ ಸವರಿದರೂ 1 ಆಗುತ್ತದೆ. ಅಂಕಿ ತಿದ್ದುವ ಕೈಗಳು ಈ ಪೇಟೆಯಲ್ಲಿ ಕಡಿಮೆಯಿಲ್ಲ. ಆದರೆ, ಅಂಕಿ ತಿದ್ದಿದವನು ಆನೆಯನ್ನು ತಿದ್ದಲಾರ! 1911 ಎಂದು ಬರೆದಿದ್ದು, ಎದೆಯ ಮೇಲಿನ ಆನೆಗೆ ಲಕ್ಷಣವಾದ ಉದ್ದ ಸೊಂಡಿಲಿದ್ದರೆ ಆ ರೂಪಾಯಿ ತನ್ನ ಬಾಯಿಂದಲೇ ತನ್ನ ಸುಳ್ಳನ್ನು ಒಪ್ಪಿಕೊಂಡಂತೆ. ನಾಣ್ಯಲೋಕದ ಅತಿ ದೊಡ್ಡ ಬೆರಗು ನನಗೆ ಕಂಡದ್ದು ಇಲ್ಲೇ. ಸುಳ್ಳುಗಾರ ಒಂದು ಕಡೆ ಕೆರೆಯುತ್ತಾನೆ, ನಾಣ್ಯ ನಾಲ್ಕು ಕಡೆಯಿಂದ ಸಾಕ್ಷಿ ನುಡಿಯುತ್ತದೆ. ಅಗ್ಗಕ್ಕೆ ಬಂಗಾರದಂಥ ನಾಣ್ಯ ಹೊಡೆದವರೆಲ್ಲ ಆ ಸಾಕ್ಷಿ ಕೇಳಿಸಿಕೊಂಡವರು. ಮೋಸಹೋದವರೆಲ್ಲ ಮಾರುವವನ ಮಾತು ಕೇಳಿದವರು.

ಅಂಚು ಹೇಳುವ ಗುಟ್ಟು

ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಗೆಲ್ಲ ಒಂದೇ ಬಗೆಯ ರೂಪಾಯಿ ತಂದಾಗಿನಿಂದ ಎರಡನೇ ಮಹಾಯುದ್ಧದವರೆಗೂ ಅದರಲ್ಲಿ ಶೇ. 91.7ರಷ್ಟು ಬೆಳ್ಳಿ. ಲೆಕ್ಕ ಹಾಕಿದರೆ ಒಂದು ರೂಪಾಯಿಯಲ್ಲಿ ಹತ್ತೂವರೆ ಗ್ರಾಮಿಗೂ ಮೀರಿದ ಶುದ್ಧ ಬೆಳ್ಳಿ! ಯುದ್ಧ ಬಂತು, ಬೆಳ್ಳಿಗೆ ಬರ ಬಂತು. 1940ರಲ್ಲಿ ಸರ್ಕಾರ ಬೆಳ್ಳಿಯನ್ನು ಅರ್ಧಕ್ಕೆ, ಶೇ. 50ಕ್ಕೆ ಇಳಿಸಿತು. ಅದೇ ದೊರೆ, ಅದೇ ಗಾತ್ರ, ಅದೇ ತೂಕ, ಒಳಗೆ ಮಾತ್ರ ಆರು ಗ್ರಾಮಿಗೂ ಕಡಿಮೆ ಬೆಳ್ಳಿ. 'ಹಳೇ ಬೆಳ್ಳಿ ರೂಪಾಯಿ' ಎಂಬ ಒಂದೇ ಹೆಸರಿನಲ್ಲಿ, ಒಂದೇ ದರದಲ್ಲಿ, 1916ರದ್ದನ್ನೂ 1944ರದ್ದನ್ನೂ ಕಣ್ಣುಮುಚ್ಚಿ ಕೊಳ್ಳುವವರು ಎಷ್ಟು ಜನ! ಇಸವಿ ನೋಡಿ ಕೊಂಡವನ ಮನೆಗೆ ಅದೇ ದುಡ್ಡಿಗೆ ಹೆಚ್ಚುಕಡಿಮೆ ಎರಡರಷ್ಟು ಬೆಳ್ಳಿ ಹೋಗುತ್ತದೆ.

1947ರ ರೂಪಾಯಿಯ ಕಥೆ ಇನ್ನೂ ಮಜಾ. ಹುಲಿಯೊಂದು ಹೆಜ್ಜೆಯಿಡುತ್ತಿರುವ ಸೊಗಸಾದ ನಾಣ್ಯ, ನೋಡಲು ಬೆಳ್ಳಗೆ ಬೆಳ್ಳಿಯೇ. ಅಯಸ್ಕಾಂತ ಹತ್ತಿರ ತನ್ನಿ. ಟಕ್! ಅಂಟಿಕೊಂಡುಬಿಟ್ಟಿತು! ಅದು ಪೂರ್ತಿ ನಿಕಲ್, ಬೆಳ್ಳಿಯ ಸುಳಿವೇ ಇಲ್ಲ. ಬೆಳ್ಳಿ ಎಂದು ಕೊಂಡವನಿಗೆ ಅದು ನಷ್ಟ, ಬ್ರಿಟಿಷ್ ದೊರೆಯ ಮುಖ ಹೊತ್ತ ಕೊನೆಯ ರೂಪಾಯಿ ಎಂದು ಕೊಂಡವನಿಗೆ ಸಂತೋಷ. ನಾಣ್ಯ ಒಂದೇ!

ಇನ್ನು 1939. ಬೆಳ್ಳಿ ತುಂಬಿದ ರೂಪಾಯಿಗಳ ಸಾಲಿನ ಕಟ್ಟಕಡೆಯದು. ಆರನೇ ಜಾರ್ಜ್ ದೊರೆಯ ಈ ರೂಪಾಯಿ ಸಿಗುವುದು ತೀರಾ ಅಪರೂಪ, ಹಾಗಾಗಿ ಸಂಗ್ರಾಹಕರ ಕನಸಿನ ತುತ್ತತುದಿ. ಅಂದಮೇಲೆ ನಕಲಿಗಳ ಸುಗ್ಗಿಯೂ ಇಲ್ಲೇ. ಹಿಂದಿನ ಮುಂದಿನ ಇಸವಿಯ ನಾಣ್ಯಗಳ ಅಂಕಿ ತಿದ್ದಿ 1939 ಮಾಡಿ ಮಾರುತ್ತಾರೆ. ಆಗ ನಾಣ್ಯವನ್ನು ಪಕ್ಕಕ್ಕೆ ಹೊರಳಿಸಿ ಅಂಚು ನೋಡಬೇಕು. ಅಸಲಿ 1939ರ ಅಂಚಿನಲ್ಲಿ ನೇರವಾದ ಗೀರುಗಳು ಸಾಲಾಗಿ ಇಳಿದಿರುತ್ತವೆ. ಬೆಳ್ಳಿ ಕಡಿಮೆ ಮಾಡಿದ ಮೇಲೆ ಖೋಟಾ ನಾಣ್ಯದವರ ಕಾಟ ತಪ್ಪಿಸಲು ಸರ್ಕಾರ ಅಂಚಿನ ನಡುವೆ ಬೇರೊಂದು ಸುರಕ್ಷತಾ ಪಟ್ಟಿ ಕೊರೆಸಿತು. ಆ ಪಟ್ಟಿ ಹೊತ್ತ '1939' ಕಣ್ಣಿಗೆ ಬಿತ್ತೋ, ಅದು ಯುದ್ಧಕಾಲದ ನಾಣ್ಯ ವೇಷ ಹಾಕಿ ಬಂದದ್ದು. ಮುಖದ ಮೇಲಿನ ಸುಳ್ಳನ್ನು ಅಂಚು ಬಯಲು ಮಾಡಿತು, ನೋಡಿ!

ಕಂಪನಿ ನಾಣ್ಯದ ಮೇಲೆ ಪಟ್ಟಾಭಿಷೇಕ

ಒಂದು ಮುಖದಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಮುಖದಲ್ಲಿ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ ಅಥವಾ ಒಂದು ಆಣೆ, ಕೆಳಗೆ 1818. ಕೆಲವದರಲ್ಲಿ 1717, ಇನ್ನು ಕೆಲವದರಲ್ಲಿ 1616! ಈ ನಾಣ್ಯ ನೋಡದ ಊರಿಲ್ಲ. "ಬ್ರಿಟಿಷರೇ ರಾಮನಿಗೆ ನಾಣ್ಯ ಹೊಡೆಸಿದ್ರು, ಲಕ್ಷಗಟ್ಟಲೆ ಬೆಲೆ" ಎಂದು ಹೇಳದವರೂ ಇಲ್ಲ.

ಸಾಕ್ಷಿ ಕೇಳೋಣ. 1835ಕ್ಕೆ ಮುಂಚೆ ಕಂಪನಿಗೆ ದೇಶಕ್ಕೆಲ್ಲ ಒಂದೇ ನಾಣ್ಯವೆಂಬುದೇ ಇರಲಿಲ್ಲ. ಮದ್ರಾಸು, ಮುಂಬೈ, ಬಂಗಾಳ ಪ್ರಾಂತಗಳು ತಮ್ಮ ತಮ್ಮ ನಾಣ್ಯ ಹೊಡೆಯುತ್ತಿದ್ದವು. 1616ರಲ್ಲಂತೂ ಮೊಘಲರ ಗದ್ದುಗೆಯ ಮೇಲೆ ಜಹಾಂಗೀರನಿದ್ದ, ಕಂಪನಿಯವರು ಅವನ ಆಸ್ಥಾನದಲ್ಲಿ ವ್ಯಾಪಾರದ ಅಪ್ಪಣೆಗೆ ಕೈಕಟ್ಟಿ ನಿಂತಿದ್ದರು. ಆಣೆಯ ನಾಣ್ಯ ಹೊಡೆಯುವ ಮಾತೆಲ್ಲಿ ಬಂತು? ಇವು ಪೂಜೆಗೆ, ಯಾತ್ರೆಯ ನೆನಪಿಗೆಂದು ಆಮೇಲೆ ಯಾರೋ ಮಾಡಿದ ಬಿಲ್ಲೆಗಳು. ದೇವರಮನೆಯಲ್ಲಿ ಇಟ್ಟು ಕೈಮುಗಿಯಲು ಅಡ್ಡಿಯಿಲ್ಲ, ಲಕ್ಷ ಕೊಡಲು ಮಾತ್ರ ಕಾರಣವಿಲ್ಲ.

ಇದೇ ಬಿಲ್ಲೆಗಳಿಗೆ 'ರೈಸ್ ಪುಲ್ಲಿಂಗ್' ಎಂಬ ಮಾಯೆಯನ್ನೂ ಅಂಟಿಸಿದ್ದಾರೆ. ನಾಣ್ಯ ಹತ್ತಿರ ತಂದರೆ ಅಕ್ಕಿಕಾಳು ಜಿಗಿದು ಬಂದು ಕಚ್ಚಿಕೊಳ್ಳುತ್ತದಂತೆ! ಒಳಗೆ ಇರಿಡಿಯಂ ಇದೆಯಂತೆ, ನಾಸಾದವರು ಕೋಟಿ ಕೊಟ್ಟು ಒಯ್ಯುತ್ತಾರಂತೆ! ಇರಿಡಿಯಂ ಅಕ್ಕಿಯನ್ನು ಎಳೆಯುವುದಿಲ್ಲ. ಎಳೆಯುವುದು ಬಚ್ಚಿಟ್ಟ ಅಯಸ್ಕಾಂತ, ಬರುವುದು ಕಬ್ಬಿಣದ ಪುಡಿ ಮೆತ್ತಿದ ಅಕ್ಕಿ. ಕರ್ನಾಟಕದ ಪೊಲೀಸರು ಇಂಥ ತಂಡಗಳನ್ನು ಹಿಡಿದು ಹಾಕುತ್ತಲೇ ಇದ್ದಾರೆ, ಹೊಸ ಹೊಸ ಜನ ಲಕ್ಷಗಟ್ಟಲೆ ಕಳೆದುಕೊಳ್ಳುತ್ತಲೂ ಇದ್ದಾರೆ.

ಪಾಯ ಅಗೆದಾಗ ಸಿಕ್ಕ ಹೊನ್ನು

ನಮ್ಮ ನೆಲದಲ್ಲಿ ನಾಣ್ಯ ಸಿಗುವುದಿಲ್ಲವೇ? ಸಿಗುತ್ತದೆ, ಬೆಚ್ಚಿಬೀಳುವಂಥವು ಸಿಗುತ್ತವೆ! ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕವು ರೋಮನ್ ಬೆಳ್ಳಿ ನಾಣ್ಯಗಳು. ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣು ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ದಿನಾರಿಯಸ್‌ಗಳನ್ನು ಕೊಟ್ಟಿತು. ಎರಡು ಸಾವಿರ ವರ್ಷದ ಹಿಂದಿನ ರೋಮ್ ನಮ್ಮ ಕಾಲಡಿಯಲ್ಲೇ!

ನೆಲ ನಿಜವಾಗಿ ಕೊಡುತ್ತದೆ ಎಂಬುದೇ ಠಕ್ಕರ ಬಂಡವಾಳ. "ಮನೆ ಪಾಯ ತೆಗೀತಿದ್ವಿ ಅಣ್ಣಾ, ಗಡಿಗೇಲಿ ಸಿಕ್ತು. ಸರ್ಕಾರಕ್ಕೆ ಗೊತ್ತಾದ್ರೆ ಕಿತ್ಕೊತಾರೆ, ಅರ್ಧ ರೇಟಿಗೆ ತಗೊಳ್ಳಿ" ಎಂಬ ಫೋನು ಬರುತ್ತದೆ. ಮೊದಲು ಒಂದೆರಡು ಅಸಲಿ ಬಂಗಾರದ ನಾಣ್ಯ ಕೊಟ್ಟು, "ಅಕ್ಕಸಾಲಿಗರ ಹತ್ರ ಪರೀಕ್ಷೆ ಮಾಡಿಸ್ಕೊಳ್ಳಿ" ಎನ್ನುತ್ತಾರೆ. ಪರೀಕ್ಷೆಯಲ್ಲಿ ಅಪ್ಪಟ ಚಿನ್ನ! ನಂಬಿಕೆ ಕುದುರುತ್ತದೆ, ಮನೆಯವರ ಒಡವೆ ಗಿರವಿಗೆ ಹೋಗುತ್ತದೆ, ದುಡ್ಡಿನ ಚೀಲ ಊರಾಚೆಗೆ ಹೋಗುತ್ತದೆ. ಕೈಗೆ ಬಂದ ಗಂಟಿನಲ್ಲಿ ಹಿತ್ತಾಳೆ. ದಾವಣಗೆರೆ, ಹಾವೇರಿ, ವಿಜಯನಗರದ ಕಡೆ ಇಂಥ ಪ್ರಕರಣಗಳನ್ನು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದಿದ್ದೇವೆ.

ಇಲ್ಲೂ ಲೋಹ ಸಾಕ್ಷಿ ಹೇಳುತ್ತದೆ. ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ, ಹಿತ್ತಾಳೆ ಎಂಟು ಪಟ್ಟು ಚಿಲ್ಲರೆ. ಸಣ್ಣ ತಕ್ಕಡಿಯಲ್ಲಿ ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿದರೆ ಅಂತರ ಹೊರಬೀಳುತ್ತದೆ. ಆದರೆ ಗಂಟಿನಲ್ಲಿರುವ ಪ್ರತಿಯೊಂದನ್ನೂ ತೂಗಬೇಕು, ಅವರು ಆರಿಸಿ ಕೊಟ್ಟದ್ದನ್ನಷ್ಟೇ ಅಲ್ಲ! ಕಾನೂನನ್ನೂ ಮರೆಯಬಾರದು. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ನೆಲದಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕಥೆ ಸುಳ್ಳಾದರೆ ದುಡ್ಡು ಹೋಯಿತು, ನಿಜವಾದರೆ ಮೊಕದ್ದಮೆ ಬಂತು.

ಹಾಗಾದರೆ ಚಿನ್ನದಲ್ಲಿ ಲಾಭವೇ ಇಲ್ಲವೇ? ಅಯ್ಯೋ, ಇದೆ! ವಿಜಯನಗರದ ಅಚ್ಯುತರಾಯನ ಅರ್ಧ ವರಾಹವನ್ನು ಒಮ್ಮೆ ಅಂಗೈ ಮೇಲೆ ಇಟ್ಟು ನೋಡಿ. ತೂಕ ಸುಮಾರು 1.7 ಗ್ರಾಂ, ಕಿರುಬೆರಳಿನ ಉಗುರಿನೊಳಗೆ ಅಡಗುವ ಗಾತ್ರ. ಅಷ್ಟರಲ್ಲೇ ಎರಡು ತಲೆಯ ಗಂಡಭೇರುಂಡ ರೆಕ್ಕೆ ಬಿಚ್ಚಿ ನಿಂತಿದೆ. ಕೊಕ್ಕಿನಲ್ಲಿ ಆನೆ, ಉಗುರಿನಲ್ಲಿ ಆನೆ! ಹಿಂಬದಿಯಲ್ಲಿ ನಾಗರಿ ಅಕ್ಷರದಲ್ಲಿ ದೊರೆಯ ಹೆಸರು. ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಕಾಣುವ ಅದೇ ಹಕ್ಕಿ, ಐನೂರು ವರ್ಷದ ಹಿಂದೆ ಸಂತೆಯಲ್ಲಿ ಕೈ ಬದಲಾಯಿಸುತ್ತಿತ್ತು! ಹಳೆಯ ಚಿನ್ನದ ಜೊತೆ ಇಂಥದ್ದು ತೂಕಕ್ಕೆ ಬಂದು ಮೂಸೆಗೆ ಬೀಳುವ ಮೊದಲು ಕಣ್ಣಿಗೆ ಬಿದ್ದರೆ ಅದಕ್ಕಿಂತ ಅದೃಷ್ಟ ಬೇರೆ ಬೇಕೇ? ಸುತ್ತಿಗೆ ಏಟಿಗೆ ಅಚ್ಚಾದ ಅಸಲಿಯ ಗೆರೆಗಳು ಚೂಪಾಗಿರುತ್ತವೆ. ಎರಕ ಹೊಯ್ದ ನಕಲಿಯಲ್ಲಿ ಗೆರೆಗಳು ಮೊಂಡು, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅಂಚಿನಲ್ಲಿ ಅರ ಹಾಕಿ ಉಜ್ಜಿದ ಗುರುತು.

ಹಿಂದುಮುಂದಾದ ಇಸವಿ

ಈಗ ಬೆರಗುಗಳಿಗೆಲ್ಲ ಬೆರಗು. ಟಿಪ್ಪು ಸುಲ್ತಾನನ ತಾಮ್ರದ ಕಾಸು. ಒಂದು ಕಡೆ ಗತ್ತಿನಿಂದ ನಿಂತ ಆನೆ, ಇನ್ನೊಂದು ಕಡೆ ಪಾರಸಿಯಲ್ಲಿ ಟಂಕಸಾಲೆಯ ಹೆಸರು. ಅಂಕಿ ಓದಲು ಕಲಿತವನೊಬ್ಬ ಇಸವಿ ಓದುತ್ತಾನೆ: 5121! ಐದು ಸಾವಿರದ ನೂರ ಇಪ್ಪತ್ತೊಂದೇ? ಇನ್ನೂ ಬರದ ಕಾಲದ ನಾಣ್ಯವೇ?

ನಾಣ್ಯದ ತಪ್ಪಲ್ಲ ಅದು. ಟಿಪ್ಪು ಹಿಜರಿ ಶಕೆ ಬಿಟ್ಟು, ಪ್ರವಾದಿಯವರ ಹುಟ್ಟಿನಿಂದ ಎಣಿಸುವ ಮೌಲೂದಿ ಶಕೆಯನ್ನು ಬಳಕೆಗೆ ತಂದ. ಅಷ್ಟಕ್ಕೇ ನಿಲ್ಲದೆ ಅಂಕಿಗಳನ್ನೂ ಪಾರಸಿ ಅಕ್ಷರಗಳ ಹಾಗೆ ಬಲದಿಂದ ಎಡಕ್ಕೆ ಬರೆಸಿದ! 5121 ಎಂದು ಕಂಡದ್ದು 1215, ಅಂದರೆ ಸುಮಾರು 1787. 6221 ಎಂದು ಕಂಡದ್ದು 1226, ಶ್ರೀರಂಗಪಟ್ಟಣ ಬೀಳುವ ಹೊತ್ತಿಗೆ ಹತ್ತಿರದ್ದು. ಈ ಸಾಲಿನ ನಡುವೆ ಒಂದೇ ಒಂದು ವರ್ಷ ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ: 1221!

ಆನೆಯ ಬೆನ್ನ ಹಿಂದೆ ಇನ್ನೊಂದು ಲೋಕವಿದೆ. ಟಿಪ್ಪು ತನ್ನ ನಾಣ್ಯಗಳಿಗೆಲ್ಲ ಹೆಸರಿಟ್ಟ. ತಾಮ್ರದ ಕಾಸುಗಳಿಗೆ ಇಟ್ಟದ್ದು ಆಕಾಶದ ಹೆಸರುಗಳು. ಪೈಸೆ 'ಜೋಹ್ರಾ', ಅಂದರೆ ಶುಕ್ರ. ಅರ್ಧ ಪೈಸೆ 'ಬಹ್ರಾಮ್', ಅಂದರೆ ಮಂಗಳ. ಎಲ್ಲಕ್ಕಿಂತ ಚಿಕ್ಕದು 'ಕುತುಬ್', ಧ್ರುವನಕ್ಷತ್ರ! ಊರುಗಳಿಗೂ ಹೊಸ ಹೆಸರು. ಚಿತ್ರದುರ್ಗ 'ಫರ್ರುಖ್‌ಯಾಬ್ ಹಿಸಾರ್' ಆಯಿತು, ಧಾರವಾಡ 'ಖುರ್ಷಿದ್ ಸವಾದ್' ಆಯಿತು. ಪಟ್ಟಣ, ನಗರ ಎಂದು ಬರೆದ ಶ್ರೀರಂಗಪಟ್ಟಣದ, ಬಿದನೂರಿನ ಕಾಸುಗಳು ಧಾರಾಳ. ಧಾರವಾಡದ ಟಂಕಸಾಲೆಯ ಹೆಸರು ಹೊತ್ತದ್ದು ವಿರಳ. ಮಾರುವವನಿಗೆ ಎಲ್ಲವೂ 'ಟಿಪ್ಪು ಆನೆ ಕಾಸು', ಎಲ್ಲಕ್ಕೂ ಒಂದೇ ಬೆಲೆ. ಆನೆಯನ್ನು ತಿರುಗಿಸಿ ಹಿಂಬದಿ ಓದುವವನಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಓದಲು ದಾರಿಯೂ ಇದೆ. ಮದ್ರಾಸಿನ ವಸ್ತುಸಂಗ್ರಹಾಲಯದಲ್ಲಿದ್ದ ಜೆ.ಆರ್. ಹೆಂಡರ್ಸನ್ ಹೈದರ್ ಮತ್ತು ಟಿಪ್ಪು ನಾಣ್ಯಗಳನ್ನೆಲ್ಲ ವಿಂಗಡಿಸಿ ಬರೆದ ಪುಸ್ತಕ ಅಚ್ಚಾದದ್ದು 1921ರಲ್ಲಿ, ಇಂದಿಗೂ ಸಂಗ್ರಾಹಕರ ಕೈಪಿಡಿ ಅದೇ. ಕರ್ನಾಟಕದ ನಾಣ್ಯಗಳ ಒಟ್ಟು ಚರಿತ್ರೆಗೆ ಎ.ವಿ. ನರಸಿಂಹಮೂರ್ತಿಯವರ ಪುಸ್ತಕವಿದೆ. ನಾಣ್ಯಕ್ಕೆ ಕೈಹಾಕುವ ಮುಂಚೆ ಪುಸ್ತಕಕ್ಕೆ ದುಡ್ಡು ಹಾಕಿದವನು ಪೇಟೆಯಲ್ಲಿ ಸುಲಭಕ್ಕೆ ಬಗ್ಗುವುದಿಲ್ಲ.

ಜೇಬಿನಲ್ಲೇ ಮೆಕ್ಸಿಕೊ!

ಮೇಳಕ್ಕೂ ಹೋಗಬೇಡಿ, ಸಂತೆಗೂ ಹೋಗಬೇಡಿ. ಜೇಬಿನ ಚಿಲ್ಲರೆ ಮೇಜಿನ ಮೇಲೆ ಸುರಿಯಿರಿ. ಇಸವಿಯ ಕೆಳಗೆ ನೋಡಿ. ವಜ್ರದಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಾಲ್ಕು ಟಂಕಸಾಲೆಗಳ ಸಹಿ, ನಾವು ದಿನವೂ ನೋಡದೆ ಖರ್ಚು ಮಾಡುವ ಸಹಿ! ಚಿಲ್ಲರೆಯ ಬರ ಬಂದ ಕಾಲದಲ್ಲಿ ಭಾರತ ಹೊರದೇಶಗಳಲ್ಲೂ ನಾಣ್ಯ ಹೊಡೆಸಿತು. 1985ರ ರೂಪಾಯಿಯಲ್ಲಿ 'ಎಚ್' ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು. 1990ರ ದಶಕದ ಕೊನೆಯ ಕೆಲವು ನಾಣ್ಯಗಳು ಮೆಕ್ಸಿಕೊದಿಂದ, ದಕ್ಷಿಣ ಆಫ್ರಿಕಾದಿಂದ, ಮಾಸ್ಕೋದಿಂದ ಹಡಗು ಹತ್ತಿ ಬಂದವು. ಇವೆಲ್ಲ ಲಕ್ಷ ತರುವುದಿಲ್ಲ, ಆದರೆ ಮುಖಬೆಲೆಗೇ ಸಿಗುವ ಬೆರಗು ಬೇರೆಲ್ಲಿದೆ?

ಲಕ್ಷದ ಆಸೆಗೆ ಬಿದ್ದವರ ಕಥೆ ಬೇರೆ. ವೈಷ್ಣೋದೇವಿಯ ಚಿತ್ರವಿರುವ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ ಕೊಡುತ್ತೇವೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಫೋನು ಮಾಡಿದರೆ, "ಮೊದಲು ನೋಂದಣಿ ಶುಲ್ಕ ಕಟ್ಟಿ" ಎನ್ನುತ್ತಾರೆ, ಆಮೇಲೆ ತೆರಿಗೆ, ಆಮೇಲೆ ಕಮಿಷನ್. ಕೊನೆಗೆ ನಾಣ್ಯ ನಿಮ್ಮಲ್ಲೇ ಉಳಿಯುತ್ತದೆ, ದುಡ್ಡು ಅವರಲ್ಲಿ! ತನ್ನ ಹೆಸರು ಹೇಳಿಕೊಂಡು ಹಳೆಯ ನಾಣ್ಯ ನೋಟುಗಳ ವ್ಯವಹಾರ ಮಾಡುವವರನ್ನು ನಂಬಬೇಡಿ, ತಾನು ಅಂಥ ವ್ಯವಹಾರ ಮಾಡುವುದೂ ಇಲ್ಲ, ಶುಲ್ಕ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಇದೇ ಬ್ಯಾಂಕು 2018ರಲ್ಲಿ, ಹತ್ತು ರೂಪಾಯಿ ನಾಣ್ಯದ ಹದಿನಾಲ್ಕು ವಿನ್ಯಾಸಗಳೂ ಅಸಲಿಯೇ ಎಂದು ಸಾರಬೇಕಾಯಿತು. ಚಲಾವಣೆಯ ಹತ್ತರ ನಾಣ್ಯವನ್ನು "ನಡೆಯಲ್ಲ" ಎಂದು ಹಿಂದಿರುಗಿಸುವ ಅಂಗಡಿಯವನೇ, ಫೋನಿನಲ್ಲಿ ಬಂದ ಹತ್ತು ಲಕ್ಷದ ಮಾತನ್ನು ನಂಬುತ್ತಾನೆ!

ದೇವರಮನೆಯ ಡಬ್ಬಿ

ಕೊನೆಗೆ ನಿಮ್ಮ ಮನೆಗೇ ಬರೋಣ. ವರಮಹಾಲಕ್ಷ್ಮಿ ಪೂಜೆಗೆಂದು ಅಜ್ಜಿ ಕೂಡಿಟ್ಟ ಡಬ್ಬಿಯಲ್ಲಿ ಕಮಲದ ಚಿತ್ರದ ಹಳದಿ ಇಪ್ಪತ್ತು ಪೈಸೆಗಳಿರಬಹುದು. 1968ರಿಂದ 1971ರವರೆಗೆ ಬಂದ ಆ ನಾಣ್ಯದಲ್ಲಿ ಚಿನ್ನ ಬೆರೆತಿದೆ ಎಂಬ ಗಾಳಿಮಾತು ಆಗ ಹಬ್ಬಿತ್ತು. ಚಿನ್ನವಿಲ್ಲ, ಅಪರೂಪವೂ ಅಲ್ಲ. ನೂರೆಂಟು ಕೂಡಿಸಿ ಪೂಜಿಸುವ ಭಕ್ತಿಯೇ ಅದರ ಬೇಡಿಕೆ. ಆದರೆ ಅದೇ ಡಬ್ಬಿಯ ತಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ದಪ್ಪ ತಾಮ್ರದ ಕಾಸೊಂದು ಇದ್ದೀತು! ಆನೆ, ಮೇಲೆ ಸೂರ್ಯ ಚಂದ್ರ, ಒಂದೇ ನಾಣ್ಯದ ಮೇಲೆ ಕನ್ನಡ, ಇಂಗ್ಲಿಷ್ ಬರಹ. ಅಥವಾ ಕೊಂಡಿ ಬೆಸೆಯದೆ ಉಳಿದ ಒಂದು ಬೆಳ್ಳಿ ರೂಪಾಯಿ. ಬೆಸುಗೆ ಬಿದ್ದ ನಾಣ್ಯಕ್ಕೆ ಸಂಗ್ರಾಹಕ ಅರ್ಧ ಮನಸ್ಸಿನ ಬೆಲೆ ಕಟ್ಟುತ್ತಾನೆ, ಬೀಳದೆ ಉಳಿದದ್ದಕ್ಕೆ ಕಣ್ಣರಳಿಸುತ್ತಾನೆ.

ಸಿಕ್ಕ ಖುಷಿಯಲ್ಲಿ ನಮ್ಮ ಮನೆಗಳಲ್ಲಿ ಮೊದಲು ನಡೆಯುವ ಕೆಲಸ ಯಾವುದು ಗೊತ್ತೇ? ಹುಣಸೆಹಣ್ಣು ನೆನೆಹಾಕುವುದು! ಪೀತಾಂಬರಿ, ನಿಂಬೆಹುಳಿ, ಹಲ್ಲಿನ ಪೇಸ್ಟು, ಬೂದಿ, ತೆಂಗಿನ ನಾರು. ಹತ್ತು ನಿಮಿಷದಲ್ಲಿ ನಾಣ್ಯ ಥಳಥಳ! ನೂರು ವರ್ಷ ಗಾಳಿ ಬೆಳಕು ಸೇರಿ ಲೋಹದ ಮೇಲೆ ಕಟ್ಟಿದ ಪದರ ಹೋಯಿತು. ಗೆರೆಗಳ ಚೂಪು ಹೋಯಿತು, ಉಜ್ಜಿದ ಗೀರುಗಳು ಮಾತ್ರ ಶಾಶ್ವತವಾಗಿ ಉಳಿದವು. ಇಸವಿ, ಸೊಂಡಿಲು, ಅಂಚು, ಚುಕ್ಕಿ ಎಂದು ನಾವು ಓದುವ ಸಾಕ್ಷಿಗಳೆಲ್ಲ ಇರುವುದು ಆ ಮೇಲ್ಮೈಯಲ್ಲೇ. ನಕಲಿ ಮಾಡುವವರು ನೂರು ಉಪಾಯ ಹೂಡಿ ಅಳಿಸಲಾಗದ್ದನ್ನು ಒಂದು ಉಂಡೆ ಹುಣಸೆಹಣ್ಣು ಅಳಿಸಿಬಿಡುತ್ತದೆ!

ಹಾಗಾಗಿ ಇವತ್ತೇ ಡಬ್ಬಿ ಇಳಿಸಿ, ಒಂದೊಂದನ್ನೂ ಅಂಚು ಹಿಡಿದು ಬೆಳಕಿಗೆ ಒಡ್ಡಿ, ತಿರುಗಿಸಿ ನೋಡಿ, ಇಸವಿ ಬರೆದುಕೊಳ್ಳಿ. ಬೇರೆ ಬೇರೆ ಕಾಗದದ ಲಕೋಟೆಗಳಲ್ಲಿ ಹಾಕಿಡಿ, ಗೊತ್ತಿದ್ದವರಿಗೆ ತೋರಿಸಿ, ಪುಸ್ತಕದ ಜೊತೆ ಹೋಲಿಸಿ, ಬೆಲೆ ಕೇಳಿ, ಬೇಕಾದರೆ ಜಗಳವನ್ನೂ ಆಡಿ. ಏನು ಬೇಕಾದರೂ ಮಾಡಿ, ತೊಳೆಯಬೇಡಿ!